ಇನಿ ಅಂದರೆ ಯಾರು?

"ಕೈ ತೆಗೀರಿ!"

"ಮೊದ್ಲು ನೀವು ತೆಗೀರಿ!"

ಹೆರಿಗೆ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಬಿಳಿ ಬಟ್ಟೆಯ ಪುಟ್ಟ ಗಂಟೊಂದನ್ನು ಹಿಡಿದು ನಿಂತಿದ್ದಳು. ಗಂಟಿನೊಳಗೆ ಆಗತಾನೆ ಭೂಮಿಗೆ ಬಂದ ಗಂಡು ಮಗು. ಗಂಟಿನ ಕೆಳಗೆ ಚಾಚಿಕೊಂಡ ನಾಲ್ಕು ಕೈ. ಎರಡು ಅವಳವು. ಇನ್ನೆರಡು ಯಾವನೋ ಗಳದಂಥ ಮನುಷ್ಯನವು. ಅವನ ಎತ್ತರ ಎಷ್ಟೆಂದರೆ, ಮುಖ ನೋಡಲು ಅವಳು ಕತ್ತೆತ್ತಿ, ಇನ್ನೂ ಎತ್ತಿ, ಕೊನೆಗೆ ಕತ್ತಿನ ನರ ಹಿಡಿದುಕೊಂಡ ಮೇಲೇ ಗಲ್ಲ ಕಂಡಿದ್ದು!

"ನಾನು ಮಗುವಿನ ಚಿಕ್ಕಮ್ಮ. ಅದರ ಅಮ್ಮನ ಸ್ವಂತ ತಂಗಿ!"

"ನಾನು ಚಿಕ್ಕಪ್ಪ. ಅದರ ಅಪ್ಪನ ಸ್ವಂತ ತಮ್ಮ."

"ಓಹೋ! ಅಣ್ಣನ ಮದುವೆಗೇ ಬರದ ತಮ್ಮ!"

"ಹಡಗು ನಿಂತಿತ್ತು, ಬರೋಕಾಗ್ಲಿಲ್ಲ. ಅಲ್ಲ... ಇಷ್ಟು ಹತ್ರ ನಿಂತು ಯಾಕ್ರೀ ಹೀಗೆ ಕೂಗ್ತೀರ? ಮೈಕು ನುಂಗಿದೀರಾ?"

ಕಾರಿಡಾರಿನಲ್ಲಿದ್ದವರೆಲ್ಲ ನಕ್ಕರು. ಅವಳ ಕಿವಿ ಕೆಂಪಾದವು.

ಕೂಗುವುದು ಅವಳ ತಪ್ಪಲ್ಲ, ಅವಳ ಕೆಲಸ. ಕಣ್ಣಿನ ದವಾಖಾನೆಯ ಕಾಯುವ ಕೋಣೆಯಲ್ಲಿ ನಿಂತು ರೋಗಿಗಳ ಹೆಸರು ಕರೆಯುವವಳು ಅವಳು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತವರಿಗೆ ಬೋರ್ಡು ಓದಲು ಆಗುವುದಿಲ್ಲವಲ್ಲ, ಅದಕ್ಕೆ. ಅವಳು ಒಮ್ಮೆ ಹೆಸರು ಕರೆದರೆ ಸಾಕು, ಒಳಗಿನ ರೋಗಿ ಇರಲಿ, ಹೋದ ವರ್ಷ ಗುಣವಾಗಿ ಮನೆಯಲ್ಲಿ ಊಟಕ್ಕೆ ಕೂತವನೂ ಕೈತೊಳೆದು ಎದ್ದು ಬರುತ್ತಿದ್ದ!

"ಕೂಸು ಒಂದು, ಕೈ ನಾಲ್ಕು," ನರ್ಸಮ್ಮನಿಗೆ ಸಾಕಾಗಿತ್ತು. "ಇಬ್ರೂ ಹಿಡ್ಕೊಳ್ಳಿ, ನಂಗೆ ಬೇರೆ ಕೆಲಸ ಇದೆ."

ಗಂಟು ಕೈಗೆ ಬಂತು. ಅವನ ಬೆರಳುಗಳು ಅವಳ ಬೆರಳುಗಳ ಕೆಳಗೆ ಸಿಕ್ಕಿಕೊಂಡವು. ಒರಟು ಕೈ... ಆದರೆ ಹಿಡಿತ ಮಾತ್ರ ಹೂವಿನದು. ಮಗು ಒಂದು ಕಣ್ಣು ಬಿಟ್ಟು ಇಬ್ಬರನ್ನೂ ನೋಡಿತು. 'ಇವರಿಬ್ಬರೂ ಇನ್ನು ಸುಮ್ಮನಿರುವವರಲ್ಲ' ಎಂದುಕೊಂಡಿರಬೇಕು, ಕಣ್ಣು ಮುಚ್ಚಿಕೊಂಡಿತು.

ಅವಳ ಎದೆಯಲ್ಲಿ ಏನೋ ಹೊರಳಿತು. ಮಗುವಿಗಾಗಿ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

*

ಅವಳ ಹೊಟ್ಟೆಕಿಚ್ಚಿನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಸಾಮಾನ್ಯದ್ದಲ್ಲ. ಅದಕ್ಕೊಂದು ತಂತಿ ಎಳೆದಿದ್ದರೆ ಇಡೀ ಊರಿಗೆ ದೀಪ ಹತ್ತುತ್ತಿತ್ತು!

ಅಮ್ಮ ಹೋದಾಗ ಅವಳು ಎಳೆಯವಳು. ತಲೆ ಬಾಚಿದ್ದು ಅಕ್ಕ, ಜ್ವರ ಬಂದರೆ ಪಕ್ಕ ಕೂತಿದ್ದು ಅಕ್ಕ, ಒಂದೇ ಕಂಬಳಿಯಲ್ಲಿ ದೊಡ್ಡ ಪಾಲು ಬಿಟ್ಟುಕೊಟ್ಟಿದ್ದೂ ಅಕ್ಕ. ಆ ಅಕ್ಕನನ್ನು ಭಾವ ಮದುವೆಯಾಗಿ ಕರೆದುಕೊಂಡು ಹೋದ. ಆವತ್ತಿನಿಂದ ಅವಳಿಗೆ ಭಾವನ ಮೇಲೆ ಹೊಟ್ಟೆಕಿಚ್ಚು. ಅಕ್ಕ 'ಅಮ್ಮಾ' ಎಂದು ಕರೆಯುವ ಭಾವನ ತಾಯಿಯ ಮೇಲೆ ಹೊಟ್ಟೆಕಿಚ್ಚು. ಅಕ್ಕ ಒರಗಿಕೊಳ್ಳುವ ಆ ಮನೆಯ ದಿಂಬಿನ ಮೇಲೂ!

'ಎಲ್ಲ ಅವರದ್ದೇ ಆಯಿತು... ಮಗುವಿನ ಹೆಸರಾದರೂ ನನ್ನದಿರಲಿ.' ಒಂಬತ್ತು ತಿಂಗಳೂ ಅವಳು ಬೇರೇನನ್ನೂ ಬಯಸಿರಲಿಲ್ಲ.

ಅಕ್ಕ ಹಾಸಿಗೆಯ ಮೇಲೆ ಎದ್ದು ಕೂತಳು. ಸುತ್ತ ಭಾವ, ಭಾವನ ತಾಯಿ, ಇವಳು, ಮತ್ತು ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ನಿಂತ ಆ ಗಳ.

"ಹೆಸರು ಚಿಕ್ಕದಾಗಿರ್ಬೇಕು," ಅಂದಳು ಅಕ್ಕ. "ಕೇಳಿದ್ರೆ ಹುಡುಗನೋ ಹುಡುಗೀನೋ ಅಂತ ಗೊತ್ತಾಗ್ಬಾರ್ದು."

"ಅಯ್ಯೋ, ಗಂಡು ಮಗು ಕಣೇ!" ಅಜ್ಜಿಯಾದ ಹೊಸ ಹುರುಪಿನಲ್ಲಿ ಭಾವನ ತಾಯಿ ಎದೆ ಮೇಲೆ ಕೈ ಇಟ್ಟುಕೊಂಡರು. "ಗಂಡುಮಗೂ ಹೆಸರು ಅಂದ್ರೆ ಹೆಸರಲ್ಲೇ ಮೀಸೆ ಇರ್ಬೇಕು! ಕರೆದ್ರೆ ಬೀದಿ ನಡುಗ್ಬೇಕು!"

"ಅದೇ ಬೇಡ ಅತ್ತೆ. ಇವನಿಗೆ ಅಳು ಬಂದ್ರೆ ಅಳ್ಲಿ. ಬೊಂಬೆ ಬೇಕಾದ್ರೆ ಬೊಂಬೆ ಆಡ್ಲಿ. ಹೆಸರು ಬಂದು ಅಡ್ಡ ನಿಲ್ಬಾರ್ದು." ಅಕ್ಕ ದಣಿದ ದನಿಯಲ್ಲೇ ಗಟ್ಟಿಯಾಗಿ ಹೇಳಿದಳು. "ಚಿಕ್ಕಮ್ಮ, ಚಿಕ್ಕಪ್ಪ ಇಬ್ರೂ ಸೇರಿ ಹುಡುಕಿ. ಬರೋ ಭಾನುವಾರ ಎಲ್ರೂ ಮಗು ನೋಡೋಕೆ ಮನೆಗೆ ಬರ್ತಾರೆ. ಅಷ್ಟರಲ್ಲಿ ನೀವು ಹುಡುಕಿದ್ರೆ ಆ ಹೆಸರು. ಇಲ್ಲಾಂದ್ರೆ ಅತ್ತೆ ಹೇಳಿದ್ದು."

"ಇಬ್ರೂ ಸೇರಿ?!" ಅವಳ ದನಿಗೆ ಪಕ್ಕದ ವಾರ್ಡಿನ ಮಗು ಎದ್ದು ಅತ್ತಿತು. "ಅಕ್ಕಾ, ನಾನೊಬ್ಳೇ ಸಾಲ್ದಾ ನಿಂಗೆ?"

"ನೋಡಿ ಅತ್ತಿಗೆ," ಗಳ ನಿಟ್ಟುಸಿರು ಬಿಟ್ಟಿತು, "ನಿಮ್ಮ ಮೈಕು ಶುರುವಾಯ್ತು."

"ಸುಮ್ನಿರಿ ಕೊಕ್ಕರೆ!"

ಹೀಗೆ ಹೆಸರಿಲ್ಲದ ಕೂಸಿಗಿಂತ ಮೊದಲು ಅವರಿಬ್ಬರಿಗೇ ನಾಮಕರಣವಾಯಿತು. ಅವಳು ಮೈಕು. ಅವನು ಕೊಕ್ಕರೆ.

*

ಕೊಕ್ಕರೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಮೋಡಕ್ಕೆ ಭುಜ ತಾಗಿಸಿ ನಿಂತ ಆ ಯಂತ್ರದ ತುದಿಯಲ್ಲಿ ಒಂದು ಗಾಜಿನ ಗೂಡು, ಗೂಡಿನಲ್ಲಿ ಅವನು. ಮನೆಗಳಂಥ ಕಬ್ಬಿಣದ ಪೆಟ್ಟಿಗೆಗಳನ್ನು ಬೆಂಕಿಪೊಟ್ಟಣದಂತೆ ಎತ್ತಿ ಹಡಗಿನ ಹೊಟ್ಟೆಯೊಳಗೆ ಇಳಿಸುವುದು ಅವನ ಕೆಲಸ.

ಅವನಿಗೂ ಹೆಸರುಗಳ ವಿಷಯದಲ್ಲಿ ಪಟ್ಟು ಇತ್ತು. "ಹೆಸರು ಚೆಂದ ಇದ್ರೆ ಸಾಲ್ದು ರೀ. ಗಾಳಿ ಬೀಸ್ತಿರ್ಲಿ, ಎಂಜಿನ್ ಕಿರುಚ್ತಿರ್ಲಿ, ಆ ಗದ್ದಲದಲ್ಲೂ ಹೋಗಿ ಮುಟ್ಬೇಕು."

"ಹೇಗೆ ಗೊತ್ತಾಗುತ್ತೆ ಮುಟ್ಟುತ್ತೋ ಇಲ್ವೋ?"

"ಕೂಗಿ ನೋಡೋದು. ನಿಮ್ಹತ್ರ ಗಂಟಲಿದೆ. ನನ್ಹತ್ರ ಕಾಲಿದೆ."

ಆಮೇಲೆ ಶುರುವಾಯಿತು ನೋಡಿ ಆ ಬೀದಿಯ ಇತಿಹಾಸದಲ್ಲೇ ಇಲ್ಲದ ಪರೀಕ್ಷೆ! ಸಂಜೆ ಅವಳು ಅಕ್ಕನ ಮನೆಯ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದಳು. ಅವನು ಉದ್ದನೆಯ ಹೆಜ್ಜೆ ಹಾಕಿ ಬೀದಿಯ ಆ ತುದಿಗೆ, ಬಸ್ಸುಗಳು ತಿರುಗುವ ಮೂಲೆಗೆ ಹೋಗಿ ನಿಲ್ಲುತ್ತಿದ್ದ. ಅವಳು ಕೂಗಬೇಕು. ಮುಟ್ಟಿದರೆ ಅವನು ಕೈ ಎತ್ತಬೇಕು.

"ಮಣೀ...!" ಎಂದಳು. ಅವನಿಗಿಂತ ಮೊದಲು ಹಾಲಿನವನು, ಎದುರುಮನೆ ಟೀಚರು, ಮೇಲಿನ ಮಹಡಿಯ ಮುದುಕರು ಎಲ್ಲರೂ ಕೈ ಎತ್ತಿದರು.

"ಅನೂ...!" ಎಂದಳು. ಬಸ್ಸಿನ ಹಾರನ್ನು ಅದನ್ನು ಅರ್ಧದಲ್ಲೇ ನುಂಗಿತು.

"ಶಶೀ...!" ಎಂದಳು. ಬೀದಿಯ ಬೆಕ್ಕುಗಳೆಲ್ಲ 'ಯಾರನ್ನು ಓಡಿಸುತ್ತಿದ್ದಾರೆ?' ಎಂದು ಕಂಗಾಲಾಗಿ ಗೋಡೆ ಹತ್ತಿದವು.

ಅವನು ವಾಪಸು ಬಂದು ಮೆಟ್ಟಿಲ ಮೇಲೆ ಕೂತು ಉಸಿರು ಬಿಡುತ್ತಿದ್ದ. ಅವಳು ನೀರು ಕೊಡುತ್ತಿದ್ದಳು. ಕೊಡುವಾಗ 'ಕಾಲು ನೋಯ್ತಾ?' ಎಂದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿದ್ದುದು ಮಾತ್ರ, "ಲೋಟ ತೊಳೆದಿಡಿ!"

ಒಂದು ಸಂಜೆ ಅವನು ನೀರಿನ ಲೋಟ ಕೈಯಲ್ಲಿ ತಿರುಗಿಸುತ್ತ ಮೆಲ್ಲಗೆ ಹೇಳಿದ, "ಒಂದು ಹೆಸರಿದೆ... ಇನಿ."

"ಇನಿ?"

"ಸಿಹಿ ಅಂತ. ಮೆದು ಅಂತ."

ಆ ಹೆಸರನ್ನು ಹೇಳುವಾಗ ಅವನ ಮುಖದಲ್ಲಿ ಏನೋ ಒಂದು ಬೆಳಕು. ಅದನ್ನು ಅವಳು ಗಮನಿಸಬೇಕಿತ್ತು. ಗಮನಿಸಲಿಲ್ಲ. ಓಡಿಹೋಗಿ ಬಾಲ್ಕನಿಯಲ್ಲಿ ನಿಂತಳು. ಅವನು ಮೂಲೆ ಮುಟ್ಟುವವರೆಗೂ ಕಾದಳು.

"ಇನೀ...!"

ಬಸ್ಸು ಹಾರನ್ನು ಹೊಡೆಯುತ್ತಲೇ ಇತ್ತು. ಆ ಸದ್ದಿನ ಸಂದಿಯಲ್ಲಿ ಹೆಸರು ದಾರದ ಹಾಗೆ ನುಸುಳಿಕೊಂಡು ಹೋಯಿತು. ದೂರದಲ್ಲಿ ಒಂದು ಉದ್ದನೆಯ ಕೈ ಮೇಲೆದ್ದಿತು. ಒಳಗೆ ಅಕ್ಕನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದ ಮಗು ಕುಡಿಯುವುದನ್ನೇ ಬಿಟ್ಟು ದನಿ ಬಂದ ಕಡೆ ತಿರುಗಿತು!

"ಇದೇ ಕಣೇ!" ಅಕ್ಕ ಒಳಗಿನಿಂದ ಕೂಗಿದಳು.

ಅವಳಿಗೆ ಕಣ್ಣು ತುಂಬಿಬಂತು. ಹೆಸರು ಹುಡುಕಿದವನು ಅವನು, ಮೊದಲು ಕೂಗಿದವಳು ತಾನು. ಆ ಎರಡಕ್ಷರದಲ್ಲಿ ತಾವಿಬ್ಬರೂ ಇದ್ದೇವೆ... ಎಷ್ಟು ಚಿಕ್ಕ ಜಾಗ, ಎಷ್ಟು ಹತ್ತಿರ!

ಅಲ್ಲಿಂದ ಅವಳಿಗೆ ಅದೇ ಜಪ. ಮಗುವಿನ ಕಿವಿಯಲ್ಲಿ 'ಇನಿ', ಬಟ್ಟೆ ಹಿಂಡುವಾಗ 'ಇನಿ'. ದವಾಖಾನೆಯಲ್ಲಿ ಮೈಮರೆತು ಒಬ್ಬ ದಪ್ಪ ಕನ್ನಡಕದ ವಕೀಲರನ್ನು 'ಇನಿ' ಎಂದು ಕರೆದುಬಿಟ್ಟಳು. ಅವರು ನಾಚಿಕೊಂಡು ಎದ್ದು ಬಂದರು!

*

ಹಾಳಾದ ಆ ಗುರುವಾರದ ಸಂಜೆ ಬಾರದೇ ಇದ್ದಿದ್ದರೆ ಈ ಕಥೆ ಇಲ್ಲೇ ಸುಖವಾಗಿ ಮುಗಿಯುತ್ತಿತ್ತು.

ಅವಳು ಅಡುಗೆಮನೆಯಲ್ಲಿ ಹಾಲಿನ ಬಾಟಲಿ ತೊಳೆಯುತ್ತಿದ್ದಳು. ಬಾಲ್ಕನಿಯಲ್ಲಿ ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಅವನು ಹೇಳುವುದಷ್ಟೇ ಕೇಳುತ್ತಿತ್ತು.

"ಹೇಳಿ ಇನಿ."

ಬಾಟಲಿ ಅವಳ ಕೈಯಲ್ಲೇ ನಿಂತಿತು.

"ನೀವು ಹೇಳದೆ ನಾನು ಅಲುಗಾಡಲ್ಲ, ಗೊತ್ತಲ್ಲ..." ಅವನ ದನಿ ಮೆತ್ತಗಿತ್ತು. ಅವಳೊಂದಿಗೆ ಒಂದು ದಿನವೂ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. "ಹೂಂ... ಇನ್ನೂ ಹತ್ತಿರ ಬರ್ಲಾ?... ಮೆಲ್ಲಗೆ. ಆಯ್ತು, ಮೆಲ್ಲಗೆ... ಹಾಗೇ ಹಿಡ್ಕೊಂಡಿರ್ತೀನಿ. ನೀವು ಬಿಡು ಅನ್ನೋವರೆಗೂ ಬಿಡಲ್ಲ... ನಂಗೇನೂ ಕಾಣ್ಸಲ್ಲ ಇನಿ, ಕಣ್ಮುಚ್ಚಿ ನಿಮ್ಮನ್ನೇ ನಂಬಿರೋದು."

ಅಯ್ಯೋ! ಅವಳ ಎದೆಯಲ್ಲಿ ಸಾವಿರ ಕಾಗೆಗಳು ಒಟ್ಟಿಗೆ ಎದ್ದವು!

'ಇನ್ನೂ ಹತ್ತಿರವಂತೆ! ಹಿಡ್ಕೊಂಡಿರ್ತಾನಂತೆ! ಅದೂ ದೀಪ ಹಚ್ಚೋ ಹೊತ್ತಲ್ಲಿ, ಬಾಣಂತಿ ಇರೋ ಮನೇಲಿ! ಮೇಲೆ "ನೀವು" ಅಂತೆ... ಎಷ್ಟು ಮರ್ಯಾದೆ! ನಂಗೆ ಮಾತ್ರ ಮೈಕು!'

ಇನಿ ಎಂದರೆ ಒಬ್ಬಳು ಇದ್ದಾಳೆ. ಇದ್ದವಳ ಹೆಸರನ್ನೇ ತಂದು ತನ್ನ ಬಾಯಲ್ಲಿ ಕೂಗಿಸಿದ್ದಾನೆ. ಬಾಲ್ಕನಿಯಲ್ಲಿ ನಿಂತು ತಾನು ಇಡೀ ಬೀದಿಗೆ ಅವನ ಪ್ರೇಯಸಿಯ ಹೆಸರು ಸಾರಿದ್ದೇನೆ!

ಫೋನಿಟ್ಟು ಒಳಬಂದವನ ಎದುರು ಅವಳು ಬಾಟಲಿ ಹಿಡಿದು ನಿಂತಳು. ಬಂದೂಕು ಹಿಡಿದವರೂ ಹಾಗೆ ನಿಲ್ಲುವುದಿಲ್ಲ.

"ಇನಿ ಅಂದ್ರೆ ಯಾರು?"

ಅವನ ಮುಖ ಅರಳಿತು. "ಕೇಳಿಸ್ತಾ? ನನ್ನ ಜೀವಾನೇ ಅವರ ಕೈಲಿರೋದು ರೀ. ಅವರ ಹೆಸ್ರೇ ಮಗೂಗೆ ಇಡ್ಬೇಕು ಅಂತ ನಂಗೆ ಮೊದ್ಲಿಂದ ಆಸೆ. ಭಾನುವಾರ ಮನೆಗೇ ಕರ್ಕೊಂಡು ಬರ್ತೀನಿ. ಈಗ್ಲೇ ಹೇಳಿದ್ರೆ ಮಜಾ ಹೋಗುತ್ತೆ, ನೀವೇ ನೋಡಿ!"

"ನೋಡೋದೇನಿದೆ?" ಅವಳು ಸಿಂಕಿನ ಕಡೆ ತಿರುಗಿದಳು. ಬೆನ್ನು ಮಾತ್ರ ಅವನಿಗೆ. "ಆ ಹೆಸ್ರು ಬೇಡ."

"ಏನು?"

"ನಂಗೆ ಇಷ್ಟ ಇಲ್ಲ. ಚೆನ್ನಾಗಿಲ್ಲ. ಯಾರ್ಯಾರದೋ ಹೆಸ್ರು ನಮ್ಮ ಮಗೂಗೆ ಯಾಕೆ?"

ಅವನು ತನ್ನ ನೀರಿನ ಲೋಟ ಎತ್ತಿಕೊಂಡ. ಆಮೇಲೆ, "ಸರಿ. ನಿಮಗೆ ಬೇಡ ಅಂದ್ರೆ ಬೇಡ," ಎಂದ. ಜಗಳವಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಲೋಟವನ್ನು ತಾನೇ ತೊಳೆದು, ಬೋರಲು ಹಾಕಿ, ಹೋದ.

ಮಾರನೆಯ ಸಂಜೆ ಬರಲಿಲ್ಲ.

"ಮೂರು ಹೊತ್ತೂ ಜಪ ಮಾಡ್ತಿದ್ದವಳು ನೀನು," ಅಕ್ಕ ಮಗುವನ್ನು ತಟ್ಟುತ್ತ ಕೇಳಿದಳು. "ಈಗೇನಾಯ್ತು?"

"ಏನಿಲ್ಲ. ಬೇಡ ಅಷ್ಟೆ."

"ಹೊಟ್ಟೆಕಿಚ್ಚಾ?"

"ಯಾರಿಗೆ? ನಂಗಾ? ಆ ಕೊಕ್ಕರೆ ಯಾರನ್ನ ಬೇಕಾದ್ರೂ ಹಿಡ್ಕೊಂಡಿರ್ಲಿ, ನಂಗೇನು!" ಎನ್ನುವಷ್ಟರಲ್ಲಿ ಮೂಗು ಕೆಂಪಾಗಿ ಅವಳ ಮಾತು ಮಧ್ಯದಲ್ಲೇ ಮುರಿಯಿತು.

ಅಕ್ಕ ನಗಲಿಲ್ಲ. "ನೋಡು... ನಿಮ್ಮಿಬ್ಬರ ಮಧ್ಯೆ ಏನಿದೆಯೋ ನೀವು ನೋಡ್ಕೊಳ್ಳಿ. ಆದ್ರೆ ಇದು ನನ್ನ ಮಗ. ಅವನು ಜೀವಮಾನ ಹೊತ್ಕೊಂಡು ತಿರುಗೋ ಹೆಸರು. ನಿನ್ನ ಸಿಟ್ಟಿಗೆ ಎಸೆಯೋ ಲೋಟ ಅಲ್ಲ ಅದು."

ಅಕ್ಕ ಹಾಗೆ ಮಾತಾಡಿದ್ದೇ ಇಲ್ಲ. ಎಳೆಯ ವಯಸ್ಸಿನಲ್ಲಿ ಕಂಬಳಿಯೆಲ್ಲ ಎಳೆದುಕೊಂಡು ಅಕ್ಕನನ್ನು ಚಳಿಗೆ ಬಿಟ್ಟ ರಾತ್ರಿಯೂ ಹಾಗೆ ಮಾತಾಡಿರಲಿಲ್ಲ.

ಅತ್ತ ಅಜ್ಜಿಯ ಸಂಭ್ರಮ ಹೇಳತೀರದು. ಅವರ ಹೆಸರು ತಯಾರಾಗಿತ್ತು. ಅದರಲ್ಲಿ ಸಿಂಹವಿತ್ತು, ಖಡ್ಗವಿತ್ತು, ಒಂದು ಸಾಮ್ರಾಜ್ಯವಿತ್ತು. ಪೂರ್ತಿ ಹೇಳಲು ಮಧ್ಯದಲ್ಲಿ ನಿಂತು ನೀರು ಕುಡಿಯಬೇಕಿತ್ತು! ಒಮ್ಮೆ ಆ ಹೆಸರು ಹಿಡಿದು ಕರೆದರು. ಮಗು ಗಾಬರಿಯಾಗಿ ಬಿಕ್ಕಳಿಸಿತು.

ಬಿಕ್ಕಳಿಸುವ ಆ ಪುಟ್ಟ ಎದೆಯನ್ನು ನೋಡುತ್ತ ಅವಳಿಗೆ ತಡೆಯಲಾಗಲಿಲ್ಲ. 'ನಾನೇ ಕಿತ್ತುಕೊಂಡೆ ಇದರ ಹೆಸರನ್ನ...'

ಆಮೇಲೆ ಇನ್ನೊಂದು ಯೋಚನೆ ಬಂತು. 'ಒಂದು ಸಲ, ಒಂದೇ ಒಂದು ಸಲ ಅವಳನ್ನ ನೋಡಬೇಕು. ನನಗಿಂತ ಚೆನ್ನಾಗಿದ್ದರೆ ಹೆಸರನ್ನೂ ಬಿಟ್ಟುಕೊಡ್ತೀನಿ, ಅವನನ್ನೂ. ಚೆನ್ನಾಗಿಲ್ಲದಿದ್ದರೆ... ಆಗಲೂ ಬಿಟ್ಟುಕೊಡ್ತೀನಿ, ಆದರೆ ಅತ್ತುಕೊಂಡು!'

*

ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಬಂದರಿನ ಗೇಟಿನಲ್ಲಿದ್ದಳು.

"ಇನಿ ಇದಾರಾ?" ಎಂದು ಕೇಳಿದಳು. ಆ ಹೆಸರು ಹೇಳುವಾಗ ನಾಲಿಗೆ ಸುಟ್ಟಂತಾಯಿತು.

"ಇಲ್ದೆ ಏನು, ಅಲ್ಲೇ ಹಡಗಿನ ಹತ್ರ," ಎಂದ ಗೇಟಿನ ಕಾವಲುಗಾರ. "ಈ ಹಳದಿ ಗೆರೆ ದಾಟ್ಬೇಡಿ. ಮೇಲೆ ಮಾಲು ಇದೆ."

ಅವಳು ತಲೆಯೆತ್ತಿದಳು. ಕೆಂಪು ಕಬ್ಬಿಣದ ಪೆಟ್ಟಿಗೆಯೊಂದು ಆಕಾಶದಲ್ಲಿ ತೂಗುತ್ತಿತ್ತು. ಅದಕ್ಕೂ ಮೇಲೆ ಗಾಜಿನ ಗೂಡು. ಅದರಲ್ಲಿ ಅವನು... ಸಾಸಿವೆಯಷ್ಟು.

ಕೆಳಗೆ ಹಡಗಿನ ಪಕ್ಕದಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಹೆಲ್ಮೆಟ್ಟಿನ ಕೆಳಗಿನಿಂದ ಇಳಿಬಿದ್ದ ಗುಂಗುರು ಕೂದಲು. ಕೈಯಲ್ಲಿ ರೇಡಿಯೋ. ಯಾವುದೋ ಮಾತಿಗೆ ನಗುತ್ತಿದ್ದಳು. ಆ ನಗು ಎಷ್ಟು ಚೆಂದವಿತ್ತೆಂದರೆ, ಸಮುದ್ರವೇ ಅಲೆ ಏಳಿಸುವುದನ್ನು ಮರೆತು ನೋಡುತ್ತಿತ್ತು. ಮೈಕಿಗೆ ಹಾಗೆ ಕಂಡಿತು, ಪಾಪ.

'ಇವಳೇ!'

ಹಳದಿ ಗೆರೆ ದಾಟುವಂತಿಲ್ಲ. ಆದರೆ ದನಿ ದಾಟಬಹುದಲ್ಲ? ಅವಳು ಎದೆ ತುಂಬ ಗಾಳಿ ಎಳೆದುಕೊಂಡಳು. ದವಾಖಾನೆಯಲ್ಲಿ ಗಳಿಸಿದ ಗಂಟಲು, ಅಲ್ಲಿಯವರೆಗೆ ನುಂಗಿದ ಅಳು, ಅಕ್ಕನ ಮದುವೆಯಿಂದ ಕೂಡಿಟ್ಟ ಹೊಟ್ಟೆಕಿಚ್ಚು, ಎಲ್ಲ ಒಟ್ಟುಗೂಡಿ ಹೊರಬಂತು.

"ಇನೀ...!!"

ಬಂದರು ನಿಂತಿತು.

ಇದು ಉತ್ಪ್ರೇಕ್ಷೆಯಲ್ಲ! ಕ್ರೇನು ನಿಂತಿತು. ಲಾರಿಗಳು ನಿಂತವು. ಕೆಂಪು ಪೆಟ್ಟಿಗೆ ನಡು ಆಕಾಶದಲ್ಲಿ ಉಸಿರು ಹಿಡಿದು ನಿಂತಿತು. ಹಾರುತ್ತಿದ್ದ ಹಕ್ಕಿಗಳೂ ನಿಂತವು ಎಂದರೆ ಮಾತ್ರ ಸ್ವಲ್ಪ ಹೆಚ್ಚಾದೀತು.

"ಅಯ್ಯೋ, ಏನ್ ಮಾಡ್ಬಿಟ್ರಿ!" ಕಾವಲುಗಾರ ತಲೆ ಮೇಲೆ ಕೈ ಹೊತ್ತ. "ರೇಡಿಯೋ ಬಿಟ್ಟು ಬಾಯಲ್ಲಿ ಯಾರೇ ಇನಿ ಅಂತ ಕೂಗಿದ್ರೂ ಅಪಾಯ ಅಂತ ಅರ್ಥ! ಎಲ್ಲಾ ನಿಲ್ಸ್ಬೇಕು! ಇಲ್ಲಿ ಅದೇ ಕಾನೂನು!"

ಗುಂಗುರು ಕೂದಲಿನ ಹುಡುಗಿ ತಿರುಗಿಯೂ ನೋಡಲಿಲ್ಲ. ಎಲ್ಲರಂತೆ ಅವಳೂ ಹಡಗಿನ ಅಂಚಿನ ಕಡೆಗೇ ನೋಡುತ್ತಿದ್ದಳು. ಅಲ್ಲಿ, ಕಬ್ಬಿಣದ ಕಂಬಿಯ ಹಿಂದಿನಿಂದ, ಮೊದಲು ಒಂದು ಮೀಸೆ ಮೇಲೆದ್ದಿತು.

ಮೀಸೆಯೆಂದರೆ ಅಂತಿಂಥ ಮೀಸೆಯಲ್ಲ. ಅದರ ಒಂದು ತುದಿ ಹಡಗಿನಲ್ಲಿದ್ದರೆ ಇನ್ನೊಂದು ತುದಿ ದಡದಲ್ಲಿತ್ತು! ಬೆಳ್ಳಗೆ, ದಪ್ಪಗೆ, ಎರಡು ಪಾರಿವಾಳ ಸಂಸಾರ ಹೂಡುವಷ್ಟು ವಿಶಾಲ. ಅದರ ಹಿಂದೆ ನಿಧಾನವಾಗಿ, ಬೋಳು ತಲೆಯ ಒಬ್ಬ ಮುದುಕರು ಕಾಣಿಸಿಕೊಂಡರು.

"ಯಾರಮ್ಮಾ ನನ್ನ ಕರೆದಿದ್ದು?"

ಅಷ್ಟು ದೊಡ್ಡ ಮೀಸೆಯ ಕೆಳಗಿನಿಂದ ಅಷ್ಟು ಮೆದುವಾದ ದನಿ! ಬೆಣ್ಣೆಯ ಮೇಲೆ ಬೆರಳೆಳೆದ ಹಾಗೆ. ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ನೀವು... ನೀವು ಇನಿ?"

"ಒಂದು ನಿಮಿಷ ಮಗಳೇ. ಮೊದ್ಲು ಪೆಟ್ಟಿಗೆ ಕೆಳಗಿಳಿಯಲಿ. ಆಮೇಲೆ ಮಾತು." ಅವರು ರೇಡಿಯೋ ಬಾಯಿಗೆ ಹಿಡಿದರು. "ಏನಿಲ್ಲ ಕಣಪ್ಪಾ, ಅಪಾಯ ಇಲ್ಲ. ಇನ್ನೂ ಹತ್ತಿರ ಬಾ..."

ಕಾವಲುಗಾರನ ಸೊಂಟದ ರೇಡಿಯೋದಲ್ಲೂ ಅವನ ದನಿ ಬಂತು. "ಬರ್ತಿದೀನಿ ಇನಿ. ಇಲ್ಲಿಂದ ಹಡಗಿನ ಒಳಗೆ ಏನೂ ಕಾಣ್ಸಲ್ಲ."

"ನಾನಿದೀನಲ್ಲ. ಮೆಲ್ಲಗೆ... ಮೆಲ್ಲಗೆ... ಹಾಗೇ ಹಿಡ್ಕೋ."

"ನೀವು ಬಿಡು ಅನ್ನೋವರೆಗೂ ಬಿಡಲ್ಲ."

"ಈಗ ಬಿಡು."

ಕೆಂಪು ಪೆಟ್ಟಿಗೆ ಹಡಗಿನ ಹೊಟ್ಟೆಯೊಳಗೆ ಸದ್ದಿಲ್ಲದೆ ಕೂತಿತು. ಗುರುವಾರ ಸಂಜೆ ಬಾಟಲಿ ಹಿಡಿದು ಕೇಳಿದ ಮಾತುಗಳು ಒಂದೊಂದಾಗಿ ಅವಳ ಕಿವಿಯಲ್ಲಿ ಬಂದು ಕೂತವು. ನಾಚಿಕೆಯೆಂದರೆ ನಾಚಿಕೆ! ನೆಲ ಬಿರಿದು ನುಂಗಬಾರದೇ ಎಂದುಕೊಂಡಳು. ಬಂದರಿನ ನೆಲ ಗಟ್ಟಿ ಕಾಂಕ್ರೀಟು, ಬಿರಿಯಲಿಲ್ಲ.

"ಫೋನಲ್ಲೂ... ಇದನ್ನೇ ಮಾತಾಡ್ತೀರಾ?" ಎಂದಳು.

"ಹೂಂ, ಮೇಲಿರೋ ಅವನಿಗೆ ಕೆಳಗಿಂದ ದಾರಿ ಹೇಳೋದೇ ನನ್ನ ಕೆಲಸ. ನಾಳಿನ ಕಷ್ಟದ ಮಾಲೆಲ್ಲ ಹಿಂದಿನ ಸಂಜೇನೇ ಫೋನಲ್ಲಿ ಒಂದ್ಸಲ ಬಾಯಲ್ಲೇ ಎತ್ತಿ ಇಳಿಸ್ತೀವಿ," ಎನ್ನುತ್ತ ಮುದುಕರು ಗೆರೆಯ ಹತ್ತಿರ ಬಂದರು. "ನಮ್ಮಮ್ಮ ಇಟ್ಟಿದ್ದು ದೊಡ್ಡ ಹೆಸರು. ಅದನ್ನ ಕರೆದು ಮುಗಿಸೋಷ್ಟರಲ್ಲಿ ಮಾಲು ಸಮುದ್ರದಲ್ಲಿರುತ್ತೆ. ಅದಕ್ಕೆ ಈ ಹುಡುಗ್ರು ನನ್ನ ದನಿ ಕೇಳಿ ಇನಿ ಅಂತ ಇಟ್ರು. ಇವತ್ತಿಗೆ ನನ್ನ ನೌಕರಿ ಮುಗೀತು. ಸೋಮವಾರದಿಂದ ಈ ಹೆಸರನ್ನ ಕರೆಯೋರು ಯಾರೂ ಇಲ್ಲ." ಮೀಸೆ ಒಂದು ಚೂರು ನಡುಗಿತು. "ಅವನು ಮಗೂಗೆ ಇಡ್ತೀನಿ ಅಂದಿದ್ದ. ಆಮೇಲೆ ಮನೇಲಿ ಯಾರಿಗೋ ಇಷ್ಟ ಆಗ್ಲಿಲ್ವಂತೆ. ಇರ್ಲಿ ಬಿಡು."

ಆ 'ಯಾರೋ' ತಲೆ ತಗ್ಗಿಸಿದಳು. ಕಣ್ಣೀರು ಹಳದಿ ಗೆರೆಯ ಮೇಲೆಯೇ ಬಿತ್ತು.

ಅಷ್ಟರಲ್ಲಿ ರೇಡಿಯೋ ಗರಗರ ಎಂದಿತು.

"ಇನಿ... ಕೂಗಿದ್ದು ಯಾರು? ಇಲ್ಲಿಂದ ಮುಖ ಕಾಣ್ಸ್ತಿಲ್ಲ. ನಂಗೆ ಅವಳ ದನಿ ಕೇಳಿದ ಹಾಗಾಯ್ತು."

ಮುದುಕರ ಕಣ್ಣಿನಲ್ಲಿ ತುಂಟತನ ಮಿನುಗಿತು. ರೇಡಿಯೋವನ್ನು ಅವಳ ಕೈಗೆ ಕೊಟ್ಟು, ಒತ್ತುವ ಗುಂಡಿಯನ್ನು ಬೆರಳಿನಲ್ಲಿ ತೋರಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡರು. ಮೀಸೆಯೊಳಗೆ ತುಟಿ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು.

"ಹುಚ್ಚು ಇನಿ ನಂಗೆ," ಅವನು ಹೇಳುತ್ತಲೇ ಇದ್ದ. "ಗಾಳಿ ಬೀಸಿದ್ರೂ ಅವಳೇ ಕೂಗಿದ ಹಾಗಿರುತ್ತೆ. ಇಷ್ಟು ದಿನ ನೀವು ಹೇಳಿದ ಕಡೆ ಹೋದೆ, ನಿಲ್ಲು ಅಂದಲ್ಲಿ ನಿಂತೆ. ಈಗ ಅವಳು ಒಂದು ಮಾತು ಹೇಳಿದ್ರೆ ಸಾಕು ಅನ್ಸುತ್ತೆ... ಬೀದಿ ತುದೀಲಿ ನಿಂತು ಅವಳು ಕೂಗೋದನ್ನ ಕಾಯೋದಿದೆಯಲ್ಲ, ಹೆಸರಿಗಾಗಿ ಅಲ್ಲ ಇನಿ ನಾನು ಹೋಗ್ತಿದ್ದಿದ್ದು. ಅವಳಿಗೆ ಮಾತ್ರ ನಾನು ಅಂದ್ರೆ ಆಗಲ್ಲ."

ಬಂದರಿನ ಪ್ರತಿಯೊಂದು ರೇಡಿಯೋದಲ್ಲೂ ಅದು ಕೇಳಿಸಿತು. ಲಾರಿಯವರು ಎಂಜಿನ್ ಆರಿಸಿ ಕೂತರು. ಗುಂಗುರು ಕೂದಲಿನ ಹುಡುಗಿ ಕೆನ್ನೆಗೆ ಕೈಕೊಟ್ಟಳು.

ಅವಳು ಗುಂಡಿ ಒತ್ತಿದಳು. ಇಡೀ ಊರನ್ನು ಎಬ್ಬಿಸಬಲ್ಲ ಆ ಗಂಟಲಿನಿಂದ ಬಂದದ್ದು ಒಂದು ಪಿಸುಮಾತು.

"ಯಾರು ಹೇಳಿದ್ದು ಆಗಲ್ಲ ಅಂತ?"

ಮೇಲೆ ಗಾಜಿನ ಗೂಡಿನಲ್ಲಿ ಏನೋ ದಡಬಡ ಬಿದ್ದ ಸದ್ದು.

"...ಮೈಕು?"

"ಹೂಂ."

"ನೀವಾ?! ಇಲ್ಲಿ... ಯಾಕೆ?"

"ನಿಮ್ಮ ಇನಿ ಜುಟ್ಟು ಹಿಡಿಯೋಕೆ ಬಂದಿದ್ದೆ." ಅವಳು ಮೂಗು ಒರೆಸಿಕೊಂಡಳು. "ನೋಡಿದ್ರೆ ತಲೇಲಿ ಕೂದ್ಲೇ ಇಲ್ಲ!"

ಇಡೀ ಬಂದರು ಬಿದ್ದು ಬಿದ್ದು ನಕ್ಕಿತು. ರೇಡಿಯೋದಲ್ಲಿ ಅವನಿಗೆ ಅರ್ಥವಾಗಲು ಒಂದು ಉಸಿರು ಹಿಡಿಯಿತು. ಅರ್ಥವಾದ ಮೇಲೆ...

"ಅಂದ್ರೆ... ಹೆಸರು ಬೇಡ ಅಂದಿದ್ದು... ನಿಮಗೆ ಹೊಟ್ಟೆಕಿಚ್ಚಾ? ನನ್ನ ವಿಷಯಕ್ಕೆ?"

"ಕ್ಷಮಿಸಿ," ಎಂದಳು ಅವಳು. "ನಾನು ಮಗು ಹೆಸರು ಕಿತ್ಕೊಂಡೆ, ಇವರದ್ದೂ ಕಿತ್ಕೊಂಡೆ. ವಾಪಸ್ ಕೊಡ್ತೀನಿ. ನಾಳೆ ನಾನೇ ಕೂಗ್ತೀನಿ. ಆದ್ರೆ ನೀವು ಕೈ ಎತ್ತೋಕೆ ಬರ್ಬೇಕು."

"ಈಗ್ಲೇ ಇಳಿದು ಬರ್ತೀನಿ!"

"ಮೆಲ್ಲಗೆ ಬನ್ನಿ. ಮೆಟ್ಟಿಲು ನೋಡ್ಕೊಂಡು."

"ನೀವು ಹೇಳಿದ ಹಾಗೆ," ಎಂದಿತು ರೇಡಿಯೋ.

*

ಭಾನುವಾರ ಅಕ್ಕನ ಮನೆ ತುಂಬಿತ್ತು. ಅಜ್ಜಿ ನೀರಿನ ಚೆಂಬು ಪಕ್ಕದಲ್ಲಿಟ್ಟುಕೊಂಡು, ಸಿಂಹ ಖಡ್ಗ ಸಾಮ್ರಾಜ್ಯ ಸಮೇತ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಮೀಸೆ ಕಾಣಿಸಿತು. ಹಿಂದೆ ಇನಿ ಬಂದರು. ಅವರ ಹಿಂದೆ ಬಗ್ಗಿಕೊಂಡು ಕೊಕ್ಕರೆ.

ಅಜ್ಜಿ ಚೆಂಬು ಕೆಳಗಿಟ್ಟರು. "ಇವ್ರು ಯಾರಪ್ಪಾ?"

"ಇವ್ರೇ ಅಮ್ಮ, ಇನಿ. ಹೆಸರಲ್ಲಿ ಮೀಸೆ ಇರ್ಬೇಕು ಅಂದಿದ್ಯಲ್ಲ."

ಅಜ್ಜಿ ಮೀಸೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು. ಹೊತ್ತು ಹಿಡಿಯಿತು. ಕೊನೆಗೆ, "ಇಷ್ಟು ಸಾಕು ಬಿಡು," ಎಂದರು.

ಅವಳು ಅಕ್ಕನ ಮುಂದೆ ನಿಂತಳು. "ಅಕ್ಕಾ... ನಾನೇ ಕರೀಲಾ?"

ಅಕ್ಕ ಹಾಸಿಗೆಯಲ್ಲಿ ಸರಿದು, ತಂಗಿಗೆ ದೊಡ್ಡ ಪಾಲು ಜಾಗ ಬಿಟ್ಟಳು. ಹಿಂದೆ ಕಂಬಳಿ ಬಿಡುತ್ತಿದ್ದ ಹಾಗೇ.

ಅವಳು ಕೂತು, ಮಗುವಿನ ಕಿವಿಗೆ ಬಾಗಿದಳು. ಎಲ್ಲರೂ ಕಿವಿ ಮುಚ್ಚಿಕೊಳ್ಳಲು ತಯಾರಾದರು. ಆದರೆ ಅವಳು ಉಸಿರಿನಷ್ಟೇ ಮೆಲ್ಲಗೆ ಕರೆದಳು.

"ಇನಿ..."

ಮಗು ಅವಳತ್ತ ತಿರುಗಿತು. ಕೋಣೆಯ ಆ ಮೂಲೆಯಲ್ಲಿ ಒಂದು ಉದ್ದನೆಯ ಕೈ ಮೇಲೆದ್ದಿತು. ಅದರ ಪಕ್ಕದಲ್ಲಿ ನಿಂತಿದ್ದ ಮೀಸೆ ಕಣ್ಣೊರೆಸಿಕೊಂಡಿತು.

ಬಂದವರು ತಿಂಡಿಗೆ ಎದ್ದು ಹೋದ ಮೇಲೆ ಬಾಲ್ಕನಿಯಲ್ಲಿ ಅವರಿಬ್ಬರೇ ಉಳಿದರು. ಅವಳ ತೋಳಿನಲ್ಲಿ ಮಗು ನಿದ್ದೆ ಹೋಗಿತ್ತು.

"ಅಮ್ಮನ ತಂಗಿಯಾಗಿ ನೀವು ಇವನಿಗೆ ಚಿಕ್ಕಮ್ಮ," ಎಂದ ಅವನು ಬೀದಿಯ ತುದಿ ನೋಡುತ್ತ. "ಚಿಕ್ಕಪ್ಪನ ಹೆಂಡತಿಯಾದ್ರೂ ಚಿಕ್ಕಮ್ಮಾನೇ. ಅವನಿಗೆ ಹೊಸದಾಗಿ ಏನೂ ಕಲಿಯೋದಿರಲ್ಲ."

"ಅದೊಂದೇ ಕಾರಣಾನಾ?"

"ಇನ್ನೂ ಇವೆ. ಜೋರಾಗಿ ಹೇಳ್ಬೇಕಾ?"

"ಬೇಡ. ನಿನ್ನೆ ಇಡೀ ಬಂದರಿಗೆ ಹೇಳಾಯ್ತಲ್ಲ!" ಅವಳು ನಕ್ಕು, ಆಮೇಲೆ ಗಂಭೀರವಾಗಿ ಕ್ಯಾತೆ ತೆಗೆದಳು. "ಆ ಗುಂಗುರು ಕೂದಲಿನ ಹುಡುಗಿ ಯಾರು?"

"ಸುರಕ್ಷತೆ ನೋಡೋರು. ನಿಮ್ಮ ಗಂಟಲು ಕೇಳಿ ಸೈರನ್ ಬದಲು ನಿಮ್ಮನ್ನೇ ಕೆಲಸಕ್ಕೆ ತಗೋಬೇಕು ಅಂತಿದ್ರು."

"ಹೂಂ. ಹಾಗಾದ್ರೆ ಸರಿ."

ಅವನು ಒಂದು ಹೆಜ್ಜೆ ಮುಂದಿಟ್ಟು ನಿಂತ. ದನಿ ಆ ಗುರುವಾರದ ದನಿಯಷ್ಟೇ, ಅಲ್ಲ, ಅದಕ್ಕಿಂತಲೂ ಮೆತ್ತಗಾಗಿತ್ತು.

"ಇನ್ನೂ ಹತ್ತಿರ ಬರ್ಲಾ?"

"ಮೆಲ್ಲಗೆ... ಇನಿ ಮಲಗಿದಾನೆ."

"ಇಷ್ಟು ಸಾಕಾ?"

ಉದ್ದನೆಯ ತೋಳುಗಳು ಅವಳನ್ನೂ ಮಗುವನ್ನೂ ಒಟ್ಟಿಗೆ ಬಳಸಿದವು. ಮತ್ತೆ ನಾಲ್ಕು ಕೈ, ನಡುವೆ ಒಂದು ಗಂಟು.

"ಹಾಗೇ ಹಿಡ್ಕೊಳ್ಳಿ. ನಾನು ಬಿಡು ಅನ್ನೋವರೆಗೂ ಬಿಡ್ಬೇಡಿ."

"ಯಾವಾಗ ಅಂತೀರ?"

ಅವಳು ಅವನ ಎದೆಗೆ ತಲೆಯಾನಿಸಿದಳು.

"ಅನ್ನಲ್ಲ."